ಆರೋಗ್ಯ ಪ್ರಶ್ನೋತ್ತರ: ಹಳೆಯ ಸುಟ್ಟ ಕಲೆಯಲ್ಲಿ ಹೊಸ ಕ್ಯಾನ್ಸರ್

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಒಬ್ಬ ರೈತ, ವಯಸ್ಸು 54. ಹನ್ನೊಂದು ವರ್ಷದವನಿದ್ದಾಗ ನಮ್ಮ ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಬಲಗಾಲಿನ ಮೇಲೆ ಚೆಲ್ಲಿ, ಮೊಣಕಾಲಿನ ಕೆಳಗೆ ಪೂರ್ತಿ ಸುಟ್ಟಿತ್ತು. ತಿಂಗಳುಗಟ್ಟಲೆ ಎಣ್ಣೆ, ಸೊಪ್ಪಿನ ರಸ ಹಚ್ಚಿದ ಮೇಲೆ ಗಾಯ ಮಾಯ್ದರೂ ಚರ್ಮ ಬಿಗಿದು ಹೊಳೆಯುತ್ತಿತ್ತು, ಆಗಾಗ ಬಿರಿಯುತ್ತಿತ್ತು. ಹೋದ ವರ್ಷ ಕಬ್ಬಿನ ರವದಿ ತರಚಿ ಆದ ಸಣ್ಣ ಗಾಯ ಮಾಯಲೇ ಇಲ್ಲ. ಊರಿನಲ್ಲಿಯೇ ಡ್ರೆಸ್ಸಿಂಗ್, ಮುಲಾಮು, ಇಂಜೆಕ್ಷನ್ ಎಂದು ಎಂಟು ತಿಂಗಳು ಕಳೆದವು. ಈಗ ಹುಣ್ಣು ಅರ್ಧ ಅಂಗೈಯಗಲವಾಗಿದೆ, ಅಂಚು ಹೊಲದ ಬದುವಿನಂತೆ ಎದ್ದು ನಿಂತಿದೆ, ವಾಸನೆ ಬರುತ್ತದೆ, ಮುಟ್ಟಿದರೆ ರಕ್ತ ಒಸರುತ್ತದೆ. ಬೆಳಗಾವಿಯಲ್ಲಿ ತುಂಡು ತೆಗೆದು ಪರೀಕ್ಷೆ ಮಾಡಿ, ಚರ್ಮದ ಕ್ಯಾನ್ಸರ್, ‘ವೆಲ್ ಡಿಫರೆನ್ಶಿಯೇಟೆಡ್ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ’ ಎಂದಿದ್ದಾರೆ. ಇನ್ನು ಎರಡು ವಾರಕ್ಕೆ ಆಪರೇಷನ್. ಹುಣ್ಣನ್ನು ಅಗಲವಾಗಿ ತೆಗೆದು ತೊಡೆಯ ಚರ್ಮ ಹಚ್ಚುತ್ತಾರಂತೆ. ತೊಡೆಸಂದಿಯಲ್ಲಿ ಒಂದು ಗಂಟು ಕೈಗೆ ಸಿಗುತ್ತದೆ. ಕಬ್ಬು ಕಾರ್ಖಾನೆಗೆ ಹೋದ ಮೇಲೆ, ಯುಗಾದಿ ದಾಟಿಸಿ ಮಾಡಿಸಿಕೊಂಡರೆ ನಡೆಯುತ್ತದೆಯೇ? ಕತ್ತಿ ತಾಗಿದರೆ ಈ ರೋಗ ಮೈಯೆಲ್ಲ ಹಬ್ಬುತ್ತದೆ ಎಂದು ಊರಿನ ಹಿರಿಯರು ಹೇಳುತ್ತಾರೆ. ಒಬ್ಬರು ನಾಟಿ ಔಷಧದ ಲೇಪ ಕೊಡುವವರ ವಿಳಾಸವನ್ನೂ ಕೊಟ್ಟಿದ್ದಾರೆ. ಕಾಲು ಉಳಿಯುತ್ತದೆಯೇ? ಮೊಮ್ಮಗ ನನ್ನ ಹಾಸಿಗೆಯಲ್ಲಿಯೇ ಮಲಗುತ್ತಾನೆ, ಅವನಿಗೆ ಅಂಟುತ್ತದೆಯೇ? ಮನೆಯಲ್ಲಿ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿಲ್ಲ. ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ಸಂಚಿಕೆ ಅಚ್ಚಾಗಿ ನಿಮ್ಮ ಕೈ ಸೇರುವಷ್ಟರಲ್ಲಿ ಆಪರೇಷನ್ನಿನ ದಿನ ದಾಟಿ ಹೋಗಬಹುದಾದ್ದರಿಂದ ಈ ಉತ್ತರದ ಪ್ರತಿಯನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದೇವೆ. ಇಂಥದೇ ಹಳೆಯ ಕಲೆ ಇರುವ ಇತರರಿಗೂ ಉಪಯೋಗವಾಗಲೆಂದು ಇಲ್ಲಿ ಪ್ರಕಟಿಸುತ್ತಿದ್ದೇವೆ.

ಯುಗಾದಿಯವರೆಗೆ ಕಾಯಬೇಡಿ. ಕಬ್ಬು ಒಂದು ತಿಂಗಳು ತಡವಾಗಿ ಕಟಾವಾದರೆ ತೂಕ ಕಡಿಮೆಯಾದೀತು, ಇಳುವರಿ ಇಳಿದೀತು. ಆ ನಷ್ಟವನ್ನು ಮುಂದಿನ ಹಂಗಾಮಿನಲ್ಲಿ ತುಂಬಿಕೊಳ್ಳಬಹುದು. ಸುಟ್ಟ ಕಲೆಯಲ್ಲಿ ಹುಟ್ಟುವ ಈ ಬಗೆಯ ಕ್ಯಾನ್ಸರ್ ಬಿಸಿಲಿನಿಂದ ಬರುವ ಸಾಮಾನ್ಯ ಚರ್ಮದ ಕ್ಯಾನ್ಸರ್‌ಗಿಂತ ಹೆಚ್ಚು ಹಟಮಾರಿ. ಅದು ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡುವ ಸಾಧ್ಯತೆಯೂ ಹೆಚ್ಚು. ಇಂದು ಚರ್ಮದಲ್ಲಿಯೇ ಇರುವುದು ಮೂರ್ನಾಲ್ಕು ತಿಂಗಳಲ್ಲಿ ಎಲುಬಿಗೆ ತಾಗಿದರೆ, ಇಂದು ಚರ್ಮ ಕಸಿಯಲ್ಲಿ ಮುಗಿಯಬಹುದಾದ ಕೆಲಸ ಕಾಲು ತೆಗೆಯುವವರೆಗೆ ಹೋಗಬಹುದು. ಕಟಾವಿನ ಗ್ಯಾಂಗಿನವರ ಜೊತೆ ಮಾತನಾಡುವ ಕೆಲಸವನ್ನು ತಮ್ಮನಿಗೋ ಅಳಿಯನಿಗೋ ವಹಿಸಿಬಿಡಿ.

ಈ ರೋಗಕ್ಕೆ ವೈದ್ಯಶಾಸ್ತ್ರದಲ್ಲಿ ಮಾರ್ಜೋಲಿನ್ ಹುಣ್ಣು ಎಂಬ ಹೆಸರಿದೆ. 1828ರಲ್ಲಿ ಹಳೆಯ ಕಲೆಗಳ ಮೇಲಿನ ಇಂಥ ಹುಣ್ಣುಗಳನ್ನು ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯನ ಹೆಸರದು. ಆಳವಾಗಿ ಸುಟ್ಟ ಜಾಗಕ್ಕೆ ಆಗಲೇ ಚರ್ಮ ಕಸಿ ಮಾಡದೆ ತಾನಾಗಿಯೇ ಮಾಯಲು ಬಿಟ್ಟಾಗ ಅಲ್ಲಿ ಬೆಳೆಯುವ ಕಲೆಯ ಚರ್ಮ ತೆಳುವಾಗಿ, ರಕ್ತದ ಓಡಾಟ ಕಡಿಮೆಯಾಗಿ, ಚೂರು ತಾಗಿದರೂ ಬಿರಿಯುವಂತಿರುತ್ತದೆ. ಬಿರಿಯುವುದು, ಮಾಯುವುದು, ಮತ್ತೆ ಬಿರಿಯುವುದು ವರ್ಷಾನುಗಟ್ಟಲೆ ನಡೆದಾಗ, ಗಾಯ ಮುಚ್ಚಲು ಹೊರಟ ಜೀವಕೋಶಗಳಲ್ಲಿ ಕೆಲವು ಹಿಡಿತ ತಪ್ಪಿ ಬೆಳೆಯತೊಡಗುತ್ತವೆ. ಸುಟ್ಟ ದಿನದಿಂದ ಕ್ಯಾನ್ಸರ್ ಕಾಣಿಸಿಕೊಳ್ಳುವವರೆಗೆ ಸರಾಸರಿ ಮೂವತ್ತು ವರ್ಷ ಹಿಡಿಯುತ್ತದೆ. ನಿಮ್ಮ ವಿಷಯದಲ್ಲಿ ನಲವತ್ತು ದಾಟಿದೆ. ಸುಟ್ಟ ಕಲೆ ಇರುವ ಎಲ್ಲರಿಗೂ ಇದು ಬರುವುದಿಲ್ಲ, ನೂರರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಆದರೆ ಗಾಣ, ಒಲೆ, ಸ್ಟೋವು, ಕಾದ ಎಣ್ಣೆಯಿಂದ ಸುಟ್ಟ ಕಲೆಗಳು ನಮ್ಮ ಭಾಗದಲ್ಲಿ ಮನೆಮನೆಯಲ್ಲಿ ಇರುವುದರಿಂದ, ಕಲೆಯ ಮೇಲಿನ ಗಾಯ ಮೂರು ತಿಂಗಳಾದರೂ ಮಾಯದಿದ್ದರೆ ಮುಲಾಮು ಬದಲಿಸುತ್ತ ಕೂರದೆ ತುಂಡು ತೆಗೆದು ಪರೀಕ್ಷೆ ಮಾಡಿಸಲೇಬೇಕು. ಎಂಟು ತಿಂಗಳು ಯಾರೂ ಅದನ್ನು ಮಾಡಿಸಲಿಲ್ಲವೆಂಬುದು ಬೇಸರದ ಸಂಗತಿಯೇ. ಆದರೆ ಆ ಲೆಕ್ಕ ತೆಗೆಯುತ್ತ ಕೂರುವುದಕ್ಕೆ ಇದು ಸಮಯವಲ್ಲ.

ನಿಮ್ಮ ವರದಿಯಲ್ಲಿನ ‘ವೆಲ್ ಡಿಫರೆನ್ಶಿಯೇಟೆಡ್’ ಎಂಬ ಮಾತು ನಿಮ್ಮ ಪರವಾಗಿದೆ. ಕ್ಯಾನ್ಸರ್ ಕೋಶಗಳು ಇನ್ನೂ ಬಹುಮಟ್ಟಿಗೆ ಸಹಜ ಚರ್ಮದ ಕೋಶಗಳನ್ನೇ ಹೋಲುತ್ತಿವೆ, ಅಂದರೆ ತೀರ ಉಗ್ರವಾಗಿ ಬೆಳೆಯುವ ಬಗೆಯವಲ್ಲ ಎಂದು ಅದರ ಅರ್ಥ. ತೆಗೆದ ತುಂಡನ್ನು ಪ್ರಯೋಗಾಲಯದವರು ಮೇಣದ ಗಟ್ಟಿಯೊಳಗೆ ಕೂರಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಬೇರೆ ಕಡೆ ಎರಡನೆಯ ಅಭಿಪ್ರಾಯ ಕೇಳುವುದಿದ್ದರೆ ಬರಿಯ ವರದಿಯ ಝೆರಾಕ್ಸ್ ಸಾಲದು, ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ಅರ್ಜಿ ಕೊಟ್ಟು ಪಡೆದುಕೊಂಡು ಹೋಗಬೇಕು. ಅವು ಕೈಯಲ್ಲಿದ್ದರೆ ಹೊಸ ಆಸ್ಪತ್ರೆಯವರು ಮತ್ತೆ ತುಂಡು ತೆಗೆಯುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.

ಕತ್ತಿ ತಾಗಿದರೆ ಹಬ್ಬುತ್ತದೆ ಎಂಬ ಮಾತನ್ನು ನಮ್ಮ ಕಡೆ ಕೇಳದವರಿಲ್ಲ. ಅದು ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ: ಕೈಮೀರಿದ ಮೇಲೆ ಆಸ್ಪತ್ರೆಗೆ ಹೋದವರು ಆಪರೇಷನ್ ಆದ ಕೆಲವೇ ತಿಂಗಳಲ್ಲಿ ತೀರಿಕೊಂಡಾಗ ಜನರು ರೋಗವನ್ನು ಬಿಟ್ಟು ಕತ್ತಿಯನ್ನು ದೂರಿದರು. ಚರ್ಮದ ಕ್ಯಾನ್ಸರ್‌ನಲ್ಲಿ ಶಸ್ತ್ರಚಿಕಿತ್ಸೆಯೇ ಮುಖ್ಯ ಚಿಕಿತ್ಸೆ. ತುಂಡು ತೆಗೆದು ಪರೀಕ್ಷಿಸುವುದರಿಂದ ಅದು ಮೈಗೆ ಹಬ್ಬುವುದಿಲ್ಲ. ಲೇಪದ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಇಂಥ ಲೇಪಗಳಲ್ಲಿ ಕೆಲವು ಚರ್ಮವನ್ನು ಸುಡುವ ಗುಣದವು. ಮೇಲಿನ ಭಾಗ ಕಪ್ಪಾಗಿ ಹೆಪ್ಪುಗಟ್ಟಿ ಉದುರಿದಾಗ ‘ಬೇರು ಸಮೇತ ಬಂತು’ ಎಂದು ತೋರಿಸುತ್ತಾರೆ, ಕೆಳಗೆ ಉಳಿದದ್ದು ಬೆಳೆಯುತ್ತಲೇ ಇರುತ್ತದೆ. ಅದಕ್ಕಿಂತ ಹೆಚ್ಚಿನ ಕೇಡೆಂದರೆ, ಲೇಪದಿಂದ ಸುಟ್ಟ ಅಂಚಿನಲ್ಲಿ ಕ್ಯಾನ್ಸರ್ ಎಲ್ಲಿಗೆ ನಿಂತಿದೆ ಎಂದು ಶಸ್ತ್ರವೈದ್ಯರಿಗೆ ಗೊತ್ತಾಗದೆ ಹೋಗುತ್ತದೆ. ಕೊಟ್ಟವರಿಗೆ ನಮಸ್ಕಾರ ಹೇಳಿ ವಿಳಾಸವನ್ನು ಬದಿಗಿಡಿ.

ಕಾಲು ಉಳಿಯುವುದು ಎಲುಬಿನ ಮೇಲೆ ನಿಂತಿದೆ. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಚರ್ಮಕ್ಕೂ ಎಲುಬಿಗೂ ನಡುವೆ ಮಾಂಸವೇ ಇಲ್ಲವೆನ್ನಬೇಕು, ಆದ್ದರಿಂದ ಹುಣ್ಣು ಎಷ್ಟು ಆಳಕ್ಕಿದೆ ಎಂಬುದನ್ನು ಎಕ್ಸ್‌ರೇ, ಬೇಕಾದರೆ ಎಂಆರ್‌ಐ ಮಾಡಿ ನೋಡಿರಬೇಕು. ಆಪರೇಷನ್ನಿಗೆ ಮೊದಲು ವೈದ್ಯರನ್ನು ನೇರವಾಗಿ ಕೇಳಿ: ಎಲುಬಿಗೆ ತಾಗಿದೆಯೇ, ಸುತ್ತಲೂ ಎಷ್ಟು ಸೆಂಟಿಮೀಟರ್ ಆರೋಗ್ಯವಾದ ಚರ್ಮವನ್ನು ಸೇರಿಸಿ ತೆಗೆಯುತ್ತೀರಿ, ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆ ಎಂದು ವರದಿ ಬಂದರೆ ಮುಂದೇನು? ಕಲೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಎರಡು ಸೆಂಟಿಮೀಟರ್‌ನಷ್ಟು ಅಂಚು ಸೇರಿಸುತ್ತಾರೆ, ಆದ್ದರಿಂದ ಆಗುವ ಗಾಯ ನಿಮ್ಮ ಹುಣ್ಣಿಗಿಂತ ಬಹಳ ದೊಡ್ಡದಿರುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಚರ್ಮ ಕಸಿಯ ಯೋಜನೆ ಹಾಕಿದ್ದಾರೆಂದರೆ ಕಾಲನ್ನು ಉಳಿಸುವ ಲೆಕ್ಕದಲ್ಲಿಯೇ ಇದ್ದಾರೆ.

ತೊಡೆಸಂದಿಯ ಗಂಟಿನ ಬಗ್ಗೆ ಆಪರೇಷನ್ನಿಗೆ ಮೊದಲೇ ತೀರ್ಮಾನವಾಗಬೇಕು, ನಂತರ ನೋಡೋಣ ಎಂದು ಬಿಡಬಾರದು. ಕೀವು ತುಂಬಿದ ಹುಣ್ಣಿನ ಸೋಂಕಿನಿಂದಲೂ ಅಲ್ಲಿನ ಗ್ರಂಥಿ ಊದಿಕೊಳ್ಳುತ್ತದೆ, ಹೀಗಾಗಿ ಗಂಟು ಸಿಕ್ಕಿತೆಂದರೆ ಕ್ಯಾನ್ಸರ್ ಹರಡಿತೆಂದೇ ತಿಳಿಯಬೇಕಾಗಿಲ್ಲ. ಸಣ್ಣ ಸೂಜಿ ಹಾಕಿ ಕೋಶಗಳನ್ನು ಎಳೆದು ಪರೀಕ್ಷಿಸಿದರೆ ಬಹುತೇಕ ಗೊತ್ತಾಗುತ್ತದೆ. ಅದರಲ್ಲಿ ಕ್ಯಾನ್ಸರ್ ಕೋಶ ಕಂಡರೆ ತೊಡೆಸಂದಿಯ ಗ್ರಂಥಿಗಳನ್ನೂ ತೆಗೆಯುತ್ತಾರೆ. ನಿಮ್ಮ ಪತ್ರದಲ್ಲಿ ಸೂಜಿ ಪರೀಕ್ಷೆಯ ಮಾತಿಲ್ಲ. ಆಗಿರದಿದ್ದರೆ ಈ ವಾರವೇ ಕೇಳಿ.

ಇನ್ನು ಆಪರೇಷನ್ನಿನ ದಿನಗಳ ಸಂಗತಿ. ಕಾಲಿನ ಕೆಲಸವಾದ್ದರಿಂದ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ತೊಡೆಯಿಂದ ಕಾಗದದಷ್ಟು ತೆಳುವಾದ ಚರ್ಮವನ್ನು ಕೆರೆದು ತೆಗೆದು, ಅನೇಕ ಸಲ ಅದರಲ್ಲಿ ಸಣ್ಣ ಸಣ್ಣ ಸೀಳು ಮಾಡಿ ಹಿಗ್ಗಿಸಿ, ಗಾಯದ ಮೇಲೆ ಹರಡಿ ಪಿನ್ನು ಅಥವಾ ಹೊಲಿಗೆಯಿಂದ ಕೂರಿಸುತ್ತಾರೆ. ಅದು ನಿಮ್ಮದೇ ಚರ್ಮವಾದ್ದರಿಂದ ಮೈ ಅದನ್ನು ಹೊರಹಾಕುವ ಭಯವಿಲ್ಲ. ಕೆಳಗಿನಿಂದ ಹೊಸ ರಕ್ತನಾಳಗಳು ಅದಕ್ಕೆ ಕೂಡಿಕೊಳ್ಳಲು ನಾಲ್ಕೈದು ದಿನ ಬೇಕು, ಆ ದಿನಗಳಲ್ಲಿ ಕಸಿ ಒಂದಿಷ್ಟು ಜಾರಿದರೂ ಕೆಳಗೆ ರಕ್ತ ಸೇರಿಕೊಂಡು ಹಾಳಾಗುತ್ತದೆ. ಅದಕ್ಕಾಗಿಯೇ ಕಾಲಿಗೆ ಪಟ್ಟಿ ಕಟ್ಟಿ ದಿಂಬಿನ ಮೇಲೆ ಎತ್ತಿ ಇಡುತ್ತಾರೆ, ಇಳಿಸಬೇಡಿ ಎಂದು ಪದೇ ಪದೇ ಹೇಳುತ್ತಾರೆ. ಮೊದಲ ಡ್ರೆಸ್ಸಿಂಗ್ ಬಿಚ್ಚುವುದು ಸಾಮಾನ್ಯವಾಗಿ ಐದನೆಯ ದಿನ. ಕಸಿ ನಸುಗೆಂಪಾಗಿ ಅಂಟಿಕೊಂಡಿದ್ದರೆ ಹಿಡಿದಿದೆ ಎಂದರ್ಥ. ಅಚ್ಚರಿಯೆಂದರೆ ರೋಗಿಗಳು ಹೆಚ್ಚು ನೋವೆಂದು ದೂರುವುದು ಹುಣ್ಣು ಇದ್ದ ಜಾಗದ ಬಗ್ಗೆ ಅಲ್ಲ, ಚರ್ಮ ತೆಗೆದ ತೊಡೆಯ ಬಗ್ಗೆ. ಅಲ್ಲಿನ ಡ್ರೆಸ್ಸಿಂಗ್ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಕಿತ್ತು ನೋಡುವ ಆಸೆಯನ್ನು ತಡೆದುಕೊಳ್ಳಿ, ಎರಡು ವಾರದ ಸುಮಾರಿಗೆ ಕೆಳಗೆ ಹೊಸ ಚರ್ಮ ಬಂದು ಅದು ತಾನೇ ಬಿಡುತ್ತದೆ. ಎಲುಬು ಬರಿದಾದ ಜಾಗದಲ್ಲಿ ತೆಳು ಚರ್ಮ ಹಿಡಿಯುವುದಿಲ್ಲ. ಅಂಥ ಸಂದರ್ಭದಲ್ಲಿ ಪಕ್ಕದ ಮಾಂಸವನ್ನು ಚರ್ಮಸಹಿತ ತಿರುಗಿಸಿ ಮುಚ್ಚಬೇಕಾಗುತ್ತದೆ, ಅದಕ್ಕೆ ಪ್ಲಾಸ್ಟಿಕ್ ಸರ್ಜನ್ ಬೇಕು.

ಕಸಿ ಹಿಡಿಯುವುದರಲ್ಲಿ ನಿಮ್ಮ ಪಾಲಿನ ಕೆಲಸವೂ ಇದೆ. ತಂಬಾಕು, ಬೀಡಿ, ಗುಟ್ಕಾ ಯಾವುದಿದ್ದರೂ ಈ ಪತ್ರ ಓದಿದ ಗಳಿಗೆಯಿಂದ ಬಿಡಬೇಕು, ಏಕೆಂದರೆ ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುಡಿಸುತ್ತದೆ, ಕಸಿ ಬದುಕಬೇಕಾದದ್ದು ಅವುಗಳಿಂದಲೇ. ಶುಗರ್ ಇದೆಯೋ ಎಂದು ಪರೀಕ್ಷಿಸಿಕೊಳ್ಳಿ. ಬಹಳ ದಿನ ಒಸರಿದ ಹುಣ್ಣಿನವರಲ್ಲಿ ರಕ್ತ ಕಡಿಮೆ ಇರುವುದು ಸಾಮಾನ್ಯ, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ತಿಳಿಸಿ. ಪಥ್ಯದ ಹೆಸರಿನಲ್ಲಿ ಬೇಳೆ, ಮೊಸರು, ಮೊಟ್ಟೆ ಬಿಡಿಸುವವರ ಮಾತು ಕೇಳಬೇಡಿ: ಗಾಯ ಮಾಯಲು ಪ್ರೋಟೀನ್ ಬೇಕು, ರೊಟ್ಟಿಯ ಜೊತೆ ಹೆಸರುಕಾಳು, ಶೇಂಗಾ ಚಟ್ನಿ, ಹಾಲು ಧಾರಾಳವಾಗಿ ಇರಲಿ.

ತೆಗೆದ ಭಾಗದ ಪೂರ್ಣ ವರದಿ ಬಂದ ಮೇಲೆ ಮುಂದಿನದು ನಿಶ್ಚಯವಾಗುತ್ತದೆ. ಅಂಚು ಸ್ವಚ್ಛವಾಗಿದ್ದು ಗ್ರಂಥಿ ಚೆನ್ನಾಗಿದ್ದರೆ ಬಹಳ ಸಲ ಅಲ್ಲಿಗೇ ಚಿಕಿತ್ಸೆ ಮುಗಿಯುತ್ತದೆ. ನರದ ಸುತ್ತ ಕ್ಯಾನ್ಸರ್ ಕಂಡರೆ ಅಥವಾ ಗ್ರಂಥಿಗೆ ಬಂದಿದ್ದರೆ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯನ್ನು ವಾರಕ್ಕೆ ಐದು ದಿನದಂತೆ ಐದಾರು ವಾರ ಕೊಡಬಹುದು. ಪ್ರತಿ ಸಲ ಕೆಲವೇ ನಿಮಿಷದ ಕೆಲಸ, ಕೂದಲು ಉದುರುವುದು ಆ ಜಾಗದಲ್ಲಿ ಮಾತ್ರ. ಕೀಮೋ ಈ ರೋಗದಲ್ಲಿ ಮೊದಲ ಸಾಲಿನ ಚಿಕಿತ್ಸೆಯಲ್ಲ.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೆ ಕಬ್ಬಿನ ಬಿಲ್ಲಿಗೆ ಕಾಯುವ ಯೋಚನೆಯ ಹಿಂದೆ ಅದೂ ಇರಬಹುದೆಂದು ಅನಿಸುತ್ತದೆ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇಕಡಾ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆಯಬೇಕು, ಆಸ್ಪತ್ರೆಯವರು ಪೂರ್ವಾನುಮತಿ ತೆಗೆದುಕೊಳ್ಳಬೇಕು. ಇದಕ್ಕೆ ದಿನಗಳು ಹಿಡಿಯುವುದರಿಂದ ಆಧಾರ್ ಮತ್ತು ರೇಷನ್ ಕಾರ್ಡನ್ನು ನಾಳೆಯೇ ತೆಗೆದುಕೊಂಡು ಹೋಗಿ. ವಿಕಿರಣ ಚಿಕಿತ್ಸೆಗಾಗಿ ಮೊದಲಿನ ಹಾಗೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕೆಂದೇನೂ ಇಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿಯಲ್ಲಿ ರಾಷ್ಟ್ರಪತಿಯವರು ಉದ್ಘಾಟಿಸಿದ್ದಾರೆ. ರೈಲಿನಲ್ಲಿ ಹೋಗುವುದಿದ್ದರೆ ಕ್ಯಾನ್ಸರ್ ರೋಗಿಗಳಿಗೆ ರಿಯಾಯಿತಿ ಇದೆ, ಅದರ ನಮೂನೆಗೆ ಆಸ್ಪತ್ರೆಯವರ ಸಹಿ ಬೇಕು.

ಮೊಮ್ಮಗನಿಗೆ ಇದು ಅಂಟುವುದಿಲ್ಲ. ಕ್ಯಾನ್ಸರ್ ಮುಟ್ಟಿದರೆ, ಒಟ್ಟಿಗೆ ಉಂಡರೆ, ಮಲಗಿದರೆ ಬರುವ ರೋಗವಲ್ಲ. ಹುಣ್ಣಿನಲ್ಲಿ ಕೀವಿನ ಸೋಂಕು ಇರುವುದರಿಂದ ಡ್ರೆಸ್ಸಿಂಗ್ ಮುಚ್ಚಿಟ್ಟು, ತೆಗೆದ ಬಟ್ಟೆಯನ್ನು ಮಗುವಿನ ಕೈಗೆ ಸಿಗದಂತೆ ಸುಟ್ಟುಹಾಕಿದರೆ ಸಾಕು. ಮನೆಯಲ್ಲಿ ಹೇಳುವ ವಿಷಯ ನಿಮಗೆ ಬಿಟ್ಟದ್ದು. ಆದರೂ ಆಪರೇಷನ್ನಿನ ನಂತರ ಎರಡು ಮೂರು ವಾರ ಕಾಲು ಇಳಿಬಿಡದೆ ಇರಬೇಕಾದವರು ಅದನ್ನು ಮಗನಿಂದ ಮುಚ್ಚಿಡುವುದು ಆಗದ ಮಾತು. ಹೆಂಡತಿಯೊಬ್ಬರ ಮೇಲೆಯೇ ಇಷ್ಟು ಭಾರ ಹೊರಿಸುವುದೂ ಸರಿಯಲ್ಲ. ಆಪರೇಷನ್ನಿಗೆ ಮೊದಲು ವೈದ್ಯರು ವಿವರಿಸುವಾಗ ಮಗನನ್ನು ಜೊತೆಗೆ ಕೂರಿಸಿಕೊಳ್ಳಿ. ಗಾಬರಿಯಲ್ಲಿ ನೀವು ಕೇಳಿಸಿಕೊಳ್ಳದ ಅರ್ಧವನ್ನು ಅವರು ನೆನಪಿಟ್ಟುಕೊಳ್ಳುತ್ತಾರೆ.

ಗಾಯ ಮಾಯ್ದ ಮೇಲೆ ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ತೋರಿಸಿಕೊಳ್ಳುವುದನ್ನು ತಪ್ಪಿಸಬೇಡಿ, ಮರಳಿ ಬರುವುದಾದರೆ ಹೆಚ್ಚಾಗಿ ಆ ಅವಧಿಯಲ್ಲಿಯೇ ಬರುತ್ತದೆ. ಕಸಿಯ ಚರ್ಮಕ್ಕೆ ಬೆವರು, ಜಿಡ್ಡು ಇರುವುದಿಲ್ಲ, ಸ್ಪರ್ಶವೂ ಮಂದ. ದಿನವೂ ಕೊಬ್ಬರಿ ಎಣ್ಣೆ ಸವರಿ, ಕಬ್ಬಿನ ಹೊಲಕ್ಕೆ ಇಳಿಯುವಾಗ ಕಾಲು ಮುಚ್ಚುವ ಬಟ್ಟೆ ಮತ್ತು ಬೂಟು ಇರಲಿ.

ಪ್ರಶ್ನೆ: ನಮ್ಮ ತಾಯಿಯವರಿಗೆ 61 ವರ್ಷ, ಸಿಂದಗಿ ಹತ್ತಿರದ ಹಳ್ಳಿಯಲ್ಲಿದ್ದಾರೆ. ಅಂಗಾಲಿನ ಕಪ್ಪು ಮಚ್ಚೆಯನ್ನು ತೆಗೆದು ಪರೀಕ್ಷಿಸಿದಾಗ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ‘ಬ್ರೆಸ್ಲೋ 1.6 ಮಿ.ಮೀ.’ ಎಂದು ವರದಿ ಬಂದಿದೆ. ಇದು ಬಿಸಿಲಿನಿಂದ ಬಿಳಿಯರಿಗೆ ಬರುವ ರೋಗವೆಂದು ಓದಿದ್ದೇನೆ. ಮತ್ತೊಂದು ಆಪರೇಷನ್ ಮಾಡಿ ನೀಲಿ ಬಣ್ಣ ಹಾಕಿ ಗ್ರಂಥಿ ನೋಡಬೇಕೆನ್ನುತ್ತಾರೆ. ಮಚ್ಚೆ ತೆಗೆದಾಗಿದೆ, ಮತ್ತೇಕೆ?

ಉತ್ತರ: ಬಿಸಿಲಿನ ಮೆಲನೋಮಾ ಬಿಳಿಯರಲ್ಲಿ ಹೆಚ್ಚೆಂಬುದು ನಿಜ. ನಮ್ಮ ಮೈಬಣ್ಣದವರಲ್ಲಿ ಈ ರೋಗ ಬಿಸಿಲು ಬೀಳದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿಯೇ ಹೆಚ್ಚಾಗಿ ಕಾಣುತ್ತದೆ. ಮುಳ್ಳು ಚುಚ್ಚಿದ ಕಲೆ, ಆಣಿ ಎಂದುಕೊಂಡು ವರ್ಷಗಟ್ಟಲೆ ಬಿಡುವುದು ಅದಕ್ಕಾಗಿಯೇ. ತಾಯಿಯವರದು ಪತ್ತೆಯಾಗಿರುವುದು ಒಳ್ಳೆಯದಾಯಿತು.

1970ರಲ್ಲಿ ಅಲೆಗ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞರು ಮೆಲನೋಮಾ ಚರ್ಮದೊಳಗೆ ಎಷ್ಟು ಮಿಲಿಮೀಟರ್ ಇಳಿದಿದೆ ಎಂಬುದೇ ಮುಂದಿನ ಗತಿಯನ್ನು ಹೇಳುತ್ತದೆ ಎಂದು ತೋರಿಸಿದರು. ಮಚ್ಚೆಯ ಅಗಲಕ್ಕಿಂತ ಆ ಆಳ ಮುಖ್ಯ. 1.6 ಮಿ.ಮೀ. ಎಂದರೆ ನಡುವಣ ಮಟ್ಟದ್ದು. ಮೊದಲ ಸಲ ತೆಗೆದದ್ದು ರೋಗ ಯಾವುದೆಂದು ತಿಳಿಯಲು. ಈಗ ಆ ಜಾಗದ ಸುತ್ತ ಒಂದರಿಂದ ಎರಡು ಸೆಂಟಿಮೀಟರ್ ಚರ್ಮವನ್ನು ಸೇರಿಸಿ ತೆಗೆಯಬೇಕು, ಕಣ್ಣಿಗೆ ಕಾಣದ ಕೋಶಗಳು ಅಲ್ಲಿ ಉಳಿದಿರಬಹುದು. ಗ್ರಂಥಿ ಪರೀಕ್ಷೆಯೂ ಇಷ್ಟು ಆಳದ ಮೆಲನೋಮಾದಲ್ಲಿ ಮಾಡಿಸತಕ್ಕದ್ದೇ. ಮಚ್ಚೆ ಇದ್ದಲ್ಲಿ ಬಣ್ಣವನ್ನು, ಸೌಲಭ್ಯವಿದ್ದಲ್ಲಿ ಅದರೊಡನೆ ಅತ್ಯಲ್ಪ ವಿಕಿರಣದ ದ್ರವವನ್ನು ಚುಚ್ಚಿದರೆ ಅದು ಮೊದಲು ಯಾವ ಗ್ರಂಥಿಗೆ ಹೋಗಿ ಸೇರುತ್ತದೆಯೋ, ಕ್ಯಾನ್ಸರ್ ಕೋಶ ಹೊರಟಿದ್ದರೆ ಅದೂ ಮೊದಲು ಅಲ್ಲಿಗೇ ಹೋಗಿರುತ್ತದೆ. ಆ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಮರುದಿನ ಮೂತ್ರ ನೀಲಿ-ಹಸಿರಾಗಿ ಹೋಗುತ್ತದೆ ಎಂದು ತಾಯಿಯವರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಹೆದರುತ್ತಾರೆ. ಗ್ರಂಥಿಯಲ್ಲಿ ರೋಗ ಸಿಕ್ಕರೆ ಇಮ್ಯುನೋಥೆರಪಿ ಎಂಬ ಹೊಸ ಬಗೆಯ ಇಂಜೆಕ್ಷನ್ನುಗಳ ಮಾತು ಬರುತ್ತದೆ. ಪರಿಣಾಮಕಾರಿಯಾದ ಚಿಕಿತ್ಸೆ, ಬೆಲೆಯೂ ಬಹಳ. ಆ ಚರ್ಚೆಯನ್ನು ವರದಿ ಬಂದ ಮೇಲೆ ಕ್ಯಾನ್ಸರ್ ತಜ್ಞರೊಂದಿಗೆ ಮಾಡಿ.

ಪ್ರಶ್ನೆ: ಅತ್ತೆಯವರ ಸೊಂಟದಲ್ಲಿ ಸೀರೆಯ ಲಂಗದ ಲಾಡಿ ಕಟ್ಟುವ ಜಾಗ ಕಪ್ಪಾಗಿ, ಈಗ ಅಲ್ಲಿ ಒಂದು ಹುಣ್ಣಾಗಿದೆ. ಲಾಡಿಯಿಂದಲೂ ಕ್ಯಾನ್ಸರ್ ಬರುತ್ತದೆಯೇ? (ಗೃಹಿಣಿ, ಬೆಳಗಾವಿ)

ಉತ್ತರ: ಅಪರೂಪಕ್ಕೆ ಬರುತ್ತದೆ. ಧೋತರವನ್ನು ಬಿಗಿಯಾಗಿ ಕಟ್ಟುವ ಸೊಂಟದ ಗೆರೆಯಲ್ಲಿ ಬರುವ ಚರ್ಮದ ಕ್ಯಾನ್ಸರನ್ನು ಮುಂಬಯಿಯ ರೋಗಶಾಸ್ತ್ರಜ್ಞ ವಿ.ಆರ್. ಖಾನೋಲ್ಕರ್ ಅವರು 1945ರಷ್ಟು ಹಿಂದೆಯೇ ದಾಖಲಿಸಿದ್ದಾರೆ. ಸೀರೆ ಉಡುವವರಲ್ಲಿಯೂ ಅದು ಕಂಡುಬಂದಿದೆ. ಬರಿಯ ಕಪ್ಪು ಕಲೆ, ತುರಿಕೆ ಇದ್ದರೆ ಹೆದರುವಂಥದ್ದೇನಿಲ್ಲ. ಹುಣ್ಣಾಗಿದ್ದು ತಿಂಗಳುಗಳಿಂದ ಮಾಯದಿದ್ದರೆ ಈ ವಾರವೇ ಚರ್ಮವೈದ್ಯರಲ್ಲಿ ಕರೆದೊಯ್ದು ತುಂಡು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಹುರಿಯಂಥ ಲಾಡಿಯನ್ನು ತೆಗೆದು ನಾಲ್ಕು ಬೆರಳಗಲದ ಹತ್ತಿಯ ಪಟ್ಟಿ ಹೊಲಿಸಿ, ದಿನಕ್ಕೊಂದಿಷ್ಟು ಮೇಲೆ ಕೆಳಗೆ ಮಾಡಿ ಸಡಿಲವಾಗಿ ಕಟ್ಟಿಕೊಳ್ಳಲು ಹೇಳಿ.